ಪದವಿಯ ಸಾಲವೂ ಪದವೀಧರನ ಸಂಬಳವೂ

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳುತ್ತಾರೆ. ಆದರೆ ಸಾಲಮಾಡಿ ಓದಹೊರಟ ವಿದ್ಯಾರ್ಥಿಯ ಹಾಸಿಗೆ ಇನ್ನೂ ಮಗ್ಗದ ಮೇಲೆಯೇ ಇರುತ್ತದೆ. ನಾಲ್ಕೈದು ವರ್ಷಗಳ ತರುವಾಯ ಬರಬಹುದಾದ ಸಂಬಳವನ್ನು ನಂಬಿ ಇಂದೇ ಸಾಲಪತ್ರಕ್ಕೆ ರುಜು ಹಾಕುವುದು ಹೇಗೆ? ಈ ಪ್ರಶ್ನೆಗೆ ಗಣಿತವು ಎಷ್ಟರಮಟ್ಟಿಗೆ ಉತ್ತರ ಕೊಡಬಲ್ಲುದೆಂಬುದನ್ನು ಅಮೆರಿಕದ ಪರಿಸರ ಇಂಜಿನಿಯರಿಂಗ್ ಪದವಿಯ ಉದಾಹರಣೆಯಿಂದ ಪರಿಶೀಲಿಸೋಣ. ಆ ದೇಶದ ಸರ್ಕಾರ ಸಂಬಳದ ಅಂಕಿಗಳನ್ನು ವಿವರವಾಗಿ ಪ್ರಕಟಿಸುತ್ತದೆ. ನಮ್ಮ ನಾಡಿನ ತರುಣರು ಉನ್ನತ ವ್ಯಾಸಂಗಕ್ಕಾಗಿ ಅಲ್ಲಿಗೆ ತೆರಳುವುದೂ ಉಂಟು.

ಕುಡಿಯುವ ನೀರಿನ ಶುದ್ಧಿ, ಕೊಳೆನೀರಿನ ಸಂಸ್ಕರಣ, ಕಾರ್ಖಾನೆಯ ಹೊಗೆಯ ಹತೋಟಿ, ಕಸದ ವಿಲೇವಾರಿ ಇವು ಈ ಇಂಜಿನಿಯರರ ಕೆಲಸಗಳು. ಇವರಿಗೆ ಬೇಡಿಕೆ ಹುಟ್ಟಿರುವುದು ಬಹುಮಟ್ಟಿಗೆ ಶಾಸನಗಳಿಂದ: ಅಮೆರಿಕದಲ್ಲಿ 1972ರ ಶುದ್ಧಜಲ ಶಾಸನ, ನಮ್ಮಲ್ಲಿ 1974ರ ಜಲಮಾಲಿನ್ಯ ಶಾಸನ. ವ್ಯಾಪಾರ ಕುಸಿದ ವರ್ಷದಲ್ಲಿಯೂ ಊರಿನ ಚರಂಡಿ ಹರಿಯುತ್ತಲೇ ಇರುವುದಷ್ಟೆ!

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ, 2024ರ ಮೇ ತಿಂಗಳಲ್ಲಿ ಪರಿಸರ ಇಂಜಿನಿಯರರ ವಾರ್ಷಿಕ ವೇತನದ ಮಧ್ಯಾಂಕ ಸುಮಾರು 1,04,000 ಡಾಲರು. ಮಧ್ಯಾಂಕವೆಂದರೇನು? ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನ ಸಂಬಳ. ಆ ಸಾಲಿನಲ್ಲಿ ಇಪ್ಪತ್ತು ವರ್ಷ ದುಡಿದವರೂ ಇದ್ದಾರೆ, ನಿನ್ನೆ ಸೇರಿದವರೂ ಇದ್ದಾರೆ. ಪದವಿ ಪಡೆದೂ ಬೇರೆ ಉದ್ಯೋಗ ಹಿಡಿದವರು ಅದರಲ್ಲಿ ನಿಂತೇ ಇಲ್ಲ. ಅದೇ ಸಾಲಿನ ಕೆಳತುದಿಯ ಹತ್ತನೆಯ ಒಂದು ಪಾಲಿನವರಿಗೆ ಸಿಕ್ಕುವುದು ಸುಮಾರು 65,000 ಡಾಲರಿಗಿಂತ ಕಡಿಮೆ. ಹೊಸ ಪದವೀಧರನು ತನ್ನ ಲೆಕ್ಕವನ್ನು ಈ ಕೆಳತುದಿಯಿಂದ ಆರಂಭಿಸುವುದು ಕ್ಷೇಮವೆಂದು ನಮ್ಮ ಅಭಿಪ್ರಾಯ. ಏಕೆಂದರೆ ಸಾಲದ ಮೊದಲ ಕಂತು ಬರುವುದು ಮೊದಲ ವರ್ಷದಲ್ಲಿಯೇ.

ಇನ್ನು ಸಾಲ. ತಂದೆತಾಯಿಗಳ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಅಲ್ಲಿಯ ಕೇಂದ್ರ ಸರ್ಕಾರ ಮೊದಲ ವರ್ಷ 5,500, ಎರಡನೆಯ ವರ್ಷ 6,500, ಅನಂತರ ವರ್ಷಕ್ಕೆ 7,500 ಡಾಲರುಗಳವರೆಗೆ ಸಾಲ ಕೊಡುತ್ತದೆ. ನಾಲ್ಕು ವರ್ಷಕ್ಕೆ ಒಟ್ಟು 27,000. ಬಡವಿದ್ಯಾರ್ಥಿಗಳ ಸಾಲದ ಒಂದು ಭಾಗಕ್ಕೆ ವ್ಯಾಸಂಗಕಾಲದ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. ಉಳಿದದ್ದಕ್ಕೆ ಬಡ್ಡಿ ಮೊದಲ ದಿನದಿಂದಲೇ ಓಡತೊಡಗುತ್ತದೆ. ಇಡೀ ಮೊಬಲಗಿಗೂ ಹಾಗೆ ಓಡಿತೆನ್ನೋಣ. ದರ ನೂರಕ್ಕೆ 6. ಮೊದಲ ವರ್ಷದ ಹಣಕ್ಕೆ ನಾಲ್ಕೂವರೆ ವರ್ಷ, ಎರಡನೆಯದಕ್ಕೆ ಮೂರೂವರೆ, ಹೀಗೆ ಪದವಿಯ ನಂತರದ ಆರು ತಿಂಗಳ ಬಿಡುವನ್ನೂ ಸೇರಿಸಿ ಸರಳಬಡ್ಡಿ ಕಟ್ಟಿದರೆ 4,650 ಡಾಲರು. ಅಂದರೆ ಮೊದಲ ಕಂತಿನ ಹೊತ್ತಿಗೆ ತೀರಿಸಬೇಕಾದ ಸಾಲ 31,650 ಆಗಿರುತ್ತದೆ. ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 351 ಡಾಲರು ಬೇಕು. ವಾಚಕರು ತಾವೇ ಲೆಕ್ಕಹಾಕಿ ನೋಡಬಹುದು.

ವರ್ಷಕ್ಕೆ 65,000 ಎಂದರೆ ತಿಂಗಳಿಗೆ, ತೆರಿಗೆಗೆ ಮುಂಚೆ, ಸುಮಾರು 5,400. ಕಂತು ಅದರಲ್ಲಿ ನೂರಕ್ಕೆ ಆರೂವರೆ ಪಾಲು, ಹೊರಬಹುದಾದ ಹೊರೆಯೇ. ಆದರೆ ದುಬಾರಿ ಕಾಲೇಜನ್ನು ಆರಿಸಿ, ಖಾಸಗಿ ಸಾಲವನ್ನೂ ಸೇರಿಸಿಕೊಂಡು ನೂರಕ್ಕೆ 9ರ ದರದಲ್ಲಿ ಒಂದು ಲಕ್ಷ ಡಾಲರು ತೀರಿಸಬೇಕಾದರೆ ಕಂತು 1,267ಕ್ಕೇರುತ್ತದೆ. ಸಂಬಳದ ಕಾಲುಪಾಲಿಗೆ ಅದು ತುಸುವೇ ಕಡಿಮೆ. ವಿಷಯ ಅದೇ, ಉದ್ಯೋಗವೂ ಅದೇ. ಬದಲಾದದ್ದು ಕಾಲೇಜಿನ ಶುಲ್ಕ ಮಾತ್ರ.

ಇಲ್ಲಿಯವರೆಗಿನದು ಆ ದೇಶದ ಪ್ರಜೆಗಳ ಲೆಕ್ಕ. ನಮ್ಮಿಂದ ಹೋಗುವ ವಿದ್ಯಾರ್ಥಿಗೆ ಆ ಸರ್ಕಾರದ ಸಾಲ ದೊರೆಯುವುದಿಲ್ಲ. ಸಾಮಾನ್ಯವಾಗಿ ಅವನು ಇಲ್ಲಿಯ ಬ್ಯಾಂಕಿನಲ್ಲಿ, ಮನೆಯನ್ನೋ ಜಮೀನನ್ನೋ ಆಧಾರವಿಟ್ಟು, ರೂಪಾಯಿಗಳಲ್ಲಿ ಸಾಲ ಪಡೆಯುತ್ತಾನೆ. ಎರಡು ವರ್ಷಗಳ ಸ್ನಾತಕೋತ್ತರ ಪದವಿಗೆ ವರ್ಷಕ್ಕೆ 20 ಲಕ್ಷದಂತೆ 40 ಲಕ್ಷ ಪಡೆದನೆಂದಿಟ್ಟುಕೊಳ್ಳೋಣ; ಬಡ್ಡಿ ನೂರಕ್ಕೆ 10. ಹಿಂದಿನಂತೆಯೇ ಎಣಿಸಿದರೆ ಕಂತು ಆರಂಭವಾಗುವಾಗ ಸಾಲ 48 ಲಕ್ಷ. ಹದಿನೈದು ವರ್ಷಗಳ ಅವಧಿಗೆ ತಿಂಗಳ ಕಂತು ಸುಮಾರು 51,600 ರೂಪಾಯಿ. ಡಾಲರಿನಲ್ಲಿ ದುಡಿಯುವವನಿಗೆ ಇದು ಸಂಬಳದ ಸಣ್ಣ ಪಾಲು. ಊರಿಗೆ ಮರಳಿ, ತಿಂಗಳಿಗೆ 40,000 ರೂಪಾಯಿಯ ಕೆಲಸಕ್ಕೆ ಸೇರಿದನೆಂದರೆ, ಇಡೀ ಸಂಬಳ ಕೊಟ್ಟರೂ ಕಂತು ತೀರದು.

ಅಲ್ಲಿಯೇ ಉಳಿಯುವುದು ಅವನ ಕೈಯಲ್ಲಿದೆಯೇ? ಈವರೆಗಿನ ನಿಯಮದಂತೆ ಇಂಜಿನಿಯರಿಂಗ್ ಪದವೀಧರನಿಗೆ ವಿದ್ಯಾರ್ಥಿ ವೀಸಾದ ಆಧಾರದಲ್ಲಿ ಕೆಲಸದ ಅನುಮತಿ ಮೊದಲು ಒಂದು ವರ್ಷ, ಅನಂತರ ಎರಡು ವರ್ಷ, ಒಟ್ಟು ಮೂರು ವರ್ಷ. ಮುಂದಿನ ವೀಸಾ ಬಹುತೇಕ ಚೀಟಿ ಎತ್ತುವ ಅದೃಷ್ಟಕ್ಕೆ ಬಿಟ್ಟದ್ದು. ಸಾಲದ ಅವಧಿಯಾದರೋ ಹದಿನೈದು ವರ್ಷ. ಮೂರು ವರ್ಷ ಒಂದು ಕಂತನ್ನೂ ತಪ್ಪಿಸದೆ ಅವನು ಕಟ್ಟುವ ಮೊತ್ತ ಸುಮಾರು 18½ ಲಕ್ಷ. ಬಹುಪಾಲು ಬಡ್ಡಿಗೇ ಹೋಗುವುದರಿಂದ ಆಗಲೂ ಉಳಿಯುವ ಬಾಕಿ ಸುಮಾರು 43 ಲಕ್ಷ. ಅವನು ಬ್ಯಾಂಕಿನಿಂದ ಪಡೆದದ್ದಕ್ಕಿಂತ 3 ಲಕ್ಷ ಹೆಚ್ಚು.