ಕರಿಕಂಬಳಿಯ ಒರಟು ಮತ್ತು ಅಭಿವೃದ್ಧಿಯ ಅಳತೆಗೋಲು

ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಅರಸನ ರಾಜ್ಯವು 'ಉತ್ತರೋತ್ತರಾಭಿವೃದ್ಧಿ'ಯಿಂದ ನಡೆಯುತ್ತಿತ್ತೆಂಬ ಒಕ್ಕಣೆ ರೂಢಿಯದು. ಅಲ್ಲಿ ಅಭಿವೃದ್ಧಿಯೆಂದರೆ ಇರುವುದರ ಹೆಚ್ಚಳ. ಮತ್ತೊಬ್ಬರನ್ನು ಸರಿಗಟ್ಟುವ ಓಟವಲ್ಲ. ಹಿಂದುಳಿದವರು ಮುಂದುವರಿದವರ ದಾರಿಯನ್ನೇ ಹಿಡಿಯಬೇಕೆಂಬ ಅರ್ಥ ಈ ಪದಕ್ಕೆ ಅಂಟಿಕೊಂಡದ್ದು ಆಧುನಿಕ ಕಾಲದಲ್ಲಿ. 1949ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಮಾಡಿದ ಭಾಷಣದ ತರುವಾಯ ಅದು ಜಾಗತಿಕ ನೀತಿಯ ಭಾಷೆಯಾಯಿತು. 'ಹಿಂದುಳಿದ ಜಗತ್ತು' ಎಂಬುದನ್ನು ಈ ಭಾಷೆಯೇ ನಿರ್ಮಿಸಿತೆಂದು 1995ರಲ್ಲಿ ವಾದಿಸಿದ ಮಾನವಶಾಸ್ತ್ರಜ್ಞ ಅರ್ತುರೊ ಎಸ್ಕೊಬಾರ್, 2018ರ ಕೃತಿಯಲ್ಲಿ ಅದೇ ಪ್ರಶ್ನೆಯನ್ನು ವಿನ್ಯಾಸಶಿಸ್ತಿನತ್ತ ತಿರುಗಿಸಿದರು.

ಭಾರತದಲ್ಲಿ ವಿನ್ಯಾಸವು ಜ್ಞಾನಶಿಸ್ತಾದದ್ದು ಅಭಿವೃದ್ಧಿಯ ಜೊತೆಜೊತೆಗೇ. 1958ರ ಈಮ್ಸ್ ದಂಪತಿಗಳ ವರದಿ, 1961ರಲ್ಲಿ ಸ್ಥಾಪನೆಯಾದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಭಿವೃದ್ಧಿಗಾಗಿ ಕೈಗಾರಿಕಾ ವಿನ್ಯಾಸವೆಂಬ 1979ರ ಅಹಮದಾಬಾದ್ ಘೋಷಣೆ ಇದಕ್ಕೆ ಸಾಕ್ಷಿ. ತಂಬಿಗೆಯನ್ನು ರೂಪಿಸಿದ್ದು ಒಬ್ಬ ವ್ಯಕ್ತಿಯಲ್ಲ, ತಲೆಮಾರುಗಳು ಎಂಬ ಒಳನೋಟ ಈಮ್ಸ್ ವರದಿಯಲ್ಲಿತ್ತು. ಅದನ್ನು ಕೊನೆಯವರೆಗೆ ಬೆಳೆಸಿದ್ದರೆ ತರಬೇತಾದ ವಿನ್ಯಾಸಕಾರನ ಸ್ಥಾನವೇ ಪ್ರಶ್ನೆಗೊಳಗಾಗುತ್ತಿತ್ತು.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ನೆರೆಯುವ ಗೊರವರ ಮೈಮೇಲಿನ ಕರಿಕಂಬಳಿಯು ಈ ಚರ್ಚೆಗೆ ತಕ್ಕ ವಸ್ತು. ಕುರಿಯ ಸಹಜವರ್ಣದ ಉಣ್ಣೆಯೇ ಇದರ ಕಪ್ಪು, ಬಣ್ಣದ ಹಂಗಿಲ್ಲ. ಹೆಂಗಸರು ಕೈಯಲ್ಲಿ ನೂತ ನೂಲಿನ ಹಾಸಿಗೆ ಹುಣಸೆಬೀಜದ ಸರಿ ಹಚ್ಚಿ, ಕುಣಿಮಗ್ಗದಲ್ಲಿ ನೇಯುತ್ತಾರೆ. ಬಳ್ಳಾರಿ, ದಖನಿ ತಳಿಗಳ ಉಣ್ಣೆ ದಪ್ಪ, ಒರಟು. ಆ ಒರಟೇ ಮಳೆಯನ್ನು ತಡೆಯುತ್ತದೆ, ಅಡವಿಯ ಮುಳ್ಳಿಗೆ ಜಗ್ಗುವುದಿಲ್ಲ. ಒಂದೇ ಕಂಬಳಿ ಮಳೆಯಲ್ಲಿ ಕೊಪ್ಪೆ, ರಾತ್ರಿ ಹಾಸಿಗೆ, ದೇವರ ಮುಂದೆ ಗದ್ದಿಗೆ.

ಉಣ್ಣೆಯ ಗುಣವನ್ನು ಎಳೆಯ ನಯದಿಂದ ಅಳೆಯುವುದು ಯುರೋಪಿನ ಜವಳಿ ಗಿರಣಿಗಳ ಅಗತ್ಯದಿಂದ ಬಂದ ಕ್ರಮ. ಮೈಸೂರಿನಲ್ಲಿ ಕಮಿಷನರ್ ಕಬ್ಬನ್ನನ ಕಾಲದಲ್ಲೇ ಮೆರಿನೋ ಟಗರುಗಳನ್ನು ತರಿಸಲಾಯಿತು. ಸ್ವಾತಂತ್ರ್ಯಾನಂತರದ ತಳಿ ಸುಧಾರಣೆಯೂ ಮೆರಿನೋ, ರಾಂಬುಲೆ ಮಿಶ್ರತಳಿಗಳನ್ನು ನೆಚ್ಚಿತು. ಆಳುವವರು ಬದಲಾದರೂ ಅಳತೆಗೋಲು ಬದಲಾಗಲಿಲ್ಲ. ಈ ಅಳತೆಯಲ್ಲಿ ಕಂಬಳಿಯ ಗುಣವೇ ಅದರ ದೋಷವಾಗುತ್ತದೆ. ಕಂಬಳಿಯನ್ನು ಕೈಚೀಲ, ಗೋಡೆ ಅಲಂಕಾರಗಳಾಗಿಸುವ ಇಂದಿನ 'ವಿನ್ಯಾಸ ನೆರವು' ಕೂಡ ಕೊಪ್ಪೆ, ಗದ್ದಿಗೆಗಳನ್ನು ಉಪಯೋಗವೆಂದು ಎಣಿಸುವುದು ವಿರಳ.

ಹಾಗೆಂದು ಈ ವಿಮರ್ಶೆಯು ಕಂಬಳಿಯ ಆರಾಧನೆಯಾಗಬಾರದು. ನೂಲುವ ಹೆಂಗಸರ ದುಡಿಮೆಗೆ ಪ್ರತ್ಯೇಕ ಬೆಲೆ ಸಿಕ್ಕಿದ್ದು ಅಪರೂಪ. ಕಸುಬು ಜಾತಿಗೆ ಕಟ್ಟುಬಿದ್ದದ್ದು. ಕುರಿಸಾಕಣೆ ಮಾಂಸದ ಪೇಟೆಯತ್ತ ಹೊರಳಿದ ಮೇಲೆ ಉಣ್ಣೆಗೆ ಕತ್ತರಿಸುವ ಕೂಲಿಯೂ ಹುಟ್ಟದ ಸ್ಥಿತಿಯಿದೆ. ನೇಕಾರನ ಮಗ ಮಗ್ಗ ಬಿಟ್ಟು ಪಟ್ಟಣ ಸೇರಿದರೆ ಅದನ್ನು ವಸಾಹತುಪ್ರಜ್ಞೆಯೆನ್ನುವುದು ಸುಲಭ, ಆದರೆ ಅನ್ಯಾಯ. ವಿಚಾರಿಸಬೇಕಾದದ್ದು ಬೇರೆ: ಯಾವ ಎಳೆ ಒರಟು, ಯಾವುದು ಕೆಳದರ್ಜೆ ಎಂಬ ತೀರ್ಮಾನದಲ್ಲಿ ನೂಲುವವರ, ನೇಯುವವರ, ಹೊದೆಯುವವರ ಮಾತಿಗೆ ಎಲ್ಲಿ ಎಡೆಯಿದೆ?