ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಎಷ್ಟು ದೂರ, ಎಷ್ಟು ಹೊತ್ತು?

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಮ್ಮಂದಿರು ಟಿಕೆಟ್ ನೋಡಿ ಕೇಳುವುದುಂಟು: ‘ಮಧ್ಯಾಹ್ನ ಎರಡಕ್ಕೆ ಹತ್ತಿದರೆ ಅವತ್ತೇ ಸಂಜೆ ಐದೂವರೆಗೆ ಇಳಿಸ್ತಾರಂತೆ, ಅಷ್ಟು ಹತ್ತಿರವಾ?’ ಹತ್ತಿರವೇನಲ್ಲ, ಸುಮಾರು 14,000 ಕಿ.ಮೀ. ಲೆಕ್ಕ ಹಾಕಲು ಮನೆಯಲ್ಲಿ ಒಂದು ಗ್ಲೋಬು, ಒಂದು ದಾರ ಇದ್ದರೆ ಸಾಕು.

ಗೋಡೆಯ ನಕಾಶೆಯ ಮೇಲೆ ಸ್ಕೇಲ್ ಇಟ್ಟರೆ ದಾರಿ ತಪ್ಪುತ್ತದೆ. ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಅದು ಪೆಸಿಫಿಕ್ ಸಾಗರದ ನಡುವೆ ಹಾಯುವುದಿಲ್ಲ. ಚೀನಾ, ಸೈಬೀರಿಯಾ ದಾಟಿ, ಆರ್ಕ್‌ಟಿಕ್ ಅಂಚನ್ನು ಸವರಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತದೆ. ಇನ್ನು ಅಳತೆ. ಅಡ್ಡಗಲ 30 ಸೆಂ.ಮೀ. ಇರುವ ಗ್ಲೋಬಿನ ಸಮಭಾಜಕ ವೃತ್ತ 94 ಸೆಂ.ಮೀ., ನಿಮ್ಮ ದಾರ 33 ಸೆಂ.ಮೀ. ಭೂಮಿಯ ಸುತ್ತಳತೆ 40,000 ಕಿ.ಮೀ. ಆದ್ದರಿಂದ 33ನ್ನು 94ರಿಂದ ಭಾಗಿಸಿ 40,000ದಿಂದ ಗುಣಿಸಿದರೆ ದೂರ ಸಿಕ್ಕಿತು.

ದೊಡ್ಡ ವಿಮಾನಗಳ ವೇಗ ಗಂಟೆಗೆ ಸುಮಾರು 900 ಕಿ.ಮೀ. ಅಂದರೆ ಹದಿನೈದೂವರೆ ಗಂಟೆ. ಏರುವಾಗ, ಇಳಿಯುವಾಗ ವೇಗ ಕಡಿಮೆಯಾದ್ದರಿಂದ ಇನ್ನರ್ಧ ಗಂಟೆ ಸೇರಿಸಿ. ಇದು ಬರೀ ಕಾಗದದ ಲೆಕ್ಕ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಬೆನ್ನಿಗಿದ್ದರೆ ಹೊತ್ತು ಉಳಿಯುತ್ತದೆ, ಎದುರಾದರೆ ಹೆಚ್ಚುತ್ತದೆ. ಎಲ್ಲ ವಿಮಾನವೂ ದಾರದ ಗೆರೆ ಹಿಡಿದೇ ಹೋಗುವುದೂ ಇಲ್ಲ: 2022ರಿಂದ ಅಮೆರಿಕ ಮತ್ತು ಯುರೋಪಿನ ಅನೇಕ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದೆ.

ಗೊಂದಲವಾಗುವುದು ಗಡಿಯಾರದ ವಿಷಯದಲ್ಲಿ. ಟಿಕೆಟ್ಟಿನಲ್ಲಿ ಆಯಾ ಊರಿನ ಸಮಯವನ್ನೇ ಹಾಕಿರುತ್ತಾರೆ. ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. ಇಳಿಯುವ ಸಮಯಕ್ಕೆ ಈ ವ್ಯತ್ಯಾಸ ಕೂಡಿಸಿ, ಭಾರತದ ಸಮಯ ಮಾಡಿಕೊಂಡು, ಆಮೇಲೆ ಅದರಿಂದ ಹೊರಟ ಸಮಯ ಕಳೆಯಿರಿ. ಬೇಸಿಗೆಯ ಆ ಐದೂವರೆ ನಮಗೆ ಮರುದಿನ ಬೆಳಗಿನ ಆರು. ಪ್ರಯಾಣ ಹದಿನಾರು ಗಂಟೆ.

ವಾಪಸ್ ಬರುವಾಗ ಒಂದು ದಿನವೇ ಮಾಯ. ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟದ್ದು 2021ರ ಜನವರಿ 9, ಶನಿವಾರ ರಾತ್ರಿ. ಬೆಂಗಳೂರು ಮುಟ್ಟಿದ್ದು ಸೋಮವಾರ ನಸುಕಿಗೆ. ಯಾರನ್ನಾದರೂ ಕರೆತರಲು ಕೆಂಪೇಗೌಡ ನಿಲ್ದಾಣಕ್ಕೆ ಹೋಗುವವರು ತಾರೀಖನ್ನು ಎರಡು ಸಲ ನೋಡಿಕೊಳ್ಳಿ.

ನೇರ ವಿಮಾನ ಸಿಗದಿದ್ದರೆ ಸುತ್ತು ಹೆಚ್ಚು. ಫ್ರಾಂಕ್‌ಫರ್ಟ್ ಮೂಲಕವಾದರೆ ದೂರ ಸುಮಾರು 16,500 ಕಿ.ಮೀ., ಕಾಯುವ ಹೊತ್ತು ಬೇರೆ. ಆದರೂ ವಯಸ್ಸಾದವರಿಗೆ ನಡುವೆ ಇಳಿದು ಕಾಲಾಡಿಸುವುದೇ ಹಿತ ಎನ್ನುವುದು ನನ್ನ ಅನಿಸಿಕೆ. ವಿಮಾನ ಬದಲಿಸುವುದು ಅಮೆರಿಕದೊಳಗೇ ಆದರೆ ಮಾತ್ರ ಜೋಪಾನ: ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಬೇಕು, ಸಾಮಾನ್ಯವಾಗಿ ಲಗೇಜನ್ನೂ ತೆಗೆದು ಮತ್ತೆ ಕೊಡಬೇಕು. ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಇರುವ ಟಿಕೆಟ್ ತೆಗೆಸಿ.