ಮೂಲಿಕೆಯ ಹೆಸರು ಮತ್ತು ವಂಶವಾಹಿಯ ಸಾಕ್ಷ್ಯ

ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ದಂತಹ ವೈದ್ಯಗ್ರಂಥಗಳನ್ನು ಓದುವವರಿಗೆ ಛಂದಸ್ಸಿಗಿಂತಲೂ ತೊಡಕಾಗುವುದು ಮೂಲಿಕೆಗಳ ಹೆಸರು. ನಿಘಂಟು ಪರ್ಯಾಯಪದಗಳನ್ನು ಕೊಡುತ್ತದೆಯೇ ಹೊರತು ಗಿಡವನ್ನು ತೋರಿಸುವುದಿಲ್ಲ. ‘ಶಂಖಪುಷ್ಪಿ’ಯನ್ನೇ ನೋಡಬಹುದು. ಉತ್ತರ ಭಾರತದಲ್ಲಿ ಈ ಹೆಸರು ಕನ್ವಾಲ್ವುಲಸ್ ಪ್ಲೂರಿಕಾಲಿಸ್ ಸಸ್ಯಕ್ಕೆ ಸಲ್ಲುತ್ತದೆ. ಕೇರಳದ ವೈದ್ಯರಿಗೆ ಅದು ಗಿರಿಕರ್ಣಿಕೆಯ ಬಳ್ಳಿ. ಕನ್ನಡಿಗರ ವಿಷ್ಣುಕ್ರಾಂತಿಯೂ ಅದೇ ಹೆಸರಿನಲ್ಲಿ ಮಾರಾಟವಾಗುವುದುಂಟು. ಹೂವಿರುವಾಗ ಇವನ್ನು ಬೇರ್ಪಡಿಸುವುದು ಕಷ್ಟವಲ್ಲ. ಒಣಗಿಸಿ ಪುಡಿಮಾಡಿದ ಮೇಲೆ ಕಣ್ಣು ಸೋಲುತ್ತದೆ.

ಇಲ್ಲಿ ನೆರವಾಗುವುದು ಡಿ.ಎನ್.ಎ. ಬಾರ್‌ಕೋಡ್ ವಿಧಾನ. ಪುಡಿಯಿಂದ ಡಿ.ಎನ್.ಎ.ಯನ್ನು ಬೇರ್ಪಡಿಸಿ, ಅದರ ಒಂದು ಗೊತ್ತಾದ ತುಣುಕನ್ನು ಪಿ.ಸಿ.ಆರ್. ಕ್ರಿಯೆಯಿಂದ ಲಕ್ಷೋಪಲಕ್ಷ ಪ್ರತಿಗಳಾಗಿ ಹೆಚ್ಚಿಸಿ, ಅದರ ನಾಲ್ಕೇ ಅಕ್ಷರಗಳ ಲಿಪಿಯನ್ನು ಓದಿ, ಖಚಿತವಾಗಿ ಗುರುತಿಸಿದ ಸಸ್ಯಮಾದರಿಯೊಡನೆ ಹೋಲಿಸುತ್ತಾರೆ. ಇದಕ್ಕಾಗಿ 2009ರಲ್ಲಿ ಆರ್‌ಬಿಸಿಎಲ್, ಮ್ಯಾಟ್‌ಕೆ ಎಂಬ ಎರಡು ವಂಶವಾಹಿಗಳು ಸೂಚಿತವಾದವು. ನಿಕಟ ಪ್ರಭೇದಗಳಿಗೆ ಐ.ಟಿ.ಎಸ್.2 ಭಾಗವನ್ನೂ ಬಳಸುತ್ತಾರೆ. ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸುವ ಸಂಪಾದಕನಿಗೆ ಈ ಕ್ರಮ ಅಪರಿಚಿತವೇನಲ್ಲ. ಮಾತೃಕೆಯಂತಿರುವ ಸಸ್ಯಮಾದರಿಯ ಹೆಸರೇ ತಪ್ಪಾದರೆ ಫಲಿತಾಂಶವೂ ತಪ್ಪು.

ಕುದಿಸಿದ ಕಷಾಯದಲ್ಲಿ ಡಿ.ಎನ್.ಎ. ಛಿದ್ರವಾಗಿರುವುದರಿಂದ ಪರೀಕ್ಷೆ ವಿಫಲವಾಗಬಹುದು. ಔಷಧಸತ್ವದ ಪ್ರಮಾಣವನ್ನು ಅದು ತಿಳಿಸದು. ಅದಕ್ಕೆ ರಾಸಾಯನಿಕ ಪರೀಕ್ಷೆಯೇ ಬೇಕು. ಮುಖ್ಯವಾಗಿ, ಅಂಗಡಿಯ ಪುಡಿ ಯಾವ ಗಿಡದ್ದೆಂದು ವಂಶವಾಹಿ ಹೇಳೀತು, ಗ್ರಂಥಕಾರನ ಮನಸ್ಸಿನಲ್ಲಿದ್ದ ಗಿಡ ಯಾವುದೆಂದು ಹೇಳದು. ಅದನ್ನು ಪಠ್ಯದ ವರ್ಣನೆ, ಪ್ರಾದೇಶಿಕ ವೈದ್ಯರ ಬಳಕೆ ಇವುಗಳಿಂದಲೇ ಶೋಧಿಸಬೇಕು. ಸಂದಿಗ್ಧವಾದ ಹೆಸರಿಗೂ ಶಬ್ದಕೋಶದಲ್ಲಿ ಒಂದೇ ಸಸ್ಯನಾಮವನ್ನು ಕೊಟ್ಟು ಮುಗಿಸುವ ಸಂಪಾದಕರು ಈ ಶೋಧದ ದಾರಿಯನ್ನೇ ಮುಚ್ಚುತ್ತಾರೆ.